ಎಡೆದೊರೆ ನಾಡು: ವಿಜಯನಗರದ ರಕ್ಷಣೆ ಮತ್ತು ಅಶ್ವ ವ್ಯಾಪಾರ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಭೂಭಾಗಕ್ಕೆ ಎಡೆದೊರೆ ನಾಡು ಎಂದು ಹೆಸರು. ಇಂದಿನ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ತಾಲ್ಲೂಕುಗಳು ಇದರಲ್ಲಿಯೇ ಸೇರಿವೆ. ತುಂಗಭದ್ರೆಯ ದಕ್ಷಿಣಕ್ಕೆ ವಿಜಯನಗರ, ಕೃಷ್ಣೆಯ ಉತ್ತರಕ್ಕೆ ಮೊದಲು ಬಹಮನಿ ರಾಜ್ಯ, ಅನಂತರ ಬಿಜಾಪುರದ ಆದಿಲ್‌ಶಾಹಿ ರಾಜ್ಯ ಇದ್ದುದರಿಂದ ಈ ನಾಡು ಪದೇ ಪದೇ ರಣರಂಗವಾಯಿತು. ರಾಯಚೂರು ಕೋಟೆ ಮತ್ತು ಲಿಂಗಸುಗೂರು ತಾಲ್ಲೂಕಿನ ಮುದಗಲ್ಲು ಕೋಟೆಗಳನ್ನು ಹಿಡಿದವನಿಗೆ ನಾಡು ದಕ್ಕುತ್ತಿತ್ತು.

ಕುದುರೆಯ ಅವಲಂಬನೆ

ಅಂದಿನ ಸೈನ್ಯದ ಬಲ ಅಶ್ವದಳ. ಉತ್ತಮ ಕುದುರೆಗಳು ಅರೇಬಿಯಾ ಮತ್ತು ಪರ್ಷಿಯಾಗಳಿಂದ ಹಡಗುಗಳಲ್ಲಿ ಬರಬೇಕಾಗಿತ್ತು. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಸಾಳುವ ನರಸಿಂಹನು ಪೂರ್ಣ ಬೆಲೆ ಕೊಡುತ್ತಿದ್ದನೆಂದು ಪೋರ್ಚುಗೀಸ್ ಅಶ್ವ ವ್ಯಾಪಾರಿ ನ್ಯೂನಿಜ್ ಬರೆದಿದ್ದಾನೆ.

1510ರಲ್ಲಿ ಅಲ್ಬುಕರ್ಕನು ಗೋವೆಯನ್ನು ಗೆದ್ದ ಮೇಲೆ ಈ ವ್ಯಾಪಾರ ಪೋರ್ಚುಗೀಸರ ಕೈಸೇರಿತು. ಕುದುರೆಗಳನ್ನು ತನಗೊಬ್ಬನಿಗೇ ಮಾರಬೇಕೆಂದು ಕೃಷ್ಣದೇವರಾಯನು ಹಣ ನೀಡಲು ಮುಂದಾದರೂ ಅಲ್ಬುಕರ್ಕನು ಒಪ್ಪಲಿಲ್ಲ. ಇಬ್ಬರು ಗಿರಾಕಿಗಳ ಪೈಪೋಟಿಯೇ ಮಾರುವವನಿಗೆ ಲಾಭವಾಗಿತ್ತು.

1520ರ ರಾಯಚೂರು ಯುದ್ಧ

ಕುದುರೆ ಕೊಳ್ಳಲು ರಾಯನು 40,000 ಪರ್ದಾವೊ ನಾಣ್ಯಗಳೊಡನೆ ಗೋವೆಗೆ ಕಳುಹಿಸಿದ ವರ್ತಕನು ಹಣ ಸಮೇತ ಆದಿಲ್‌ಶಾಹನ ಆಶ್ರಯ ಸೇರಿದನು. ಅವನನ್ನು ಒಪ್ಪಿಸದಿದ್ದುದೇ ಯುದ್ಧಕ್ಕೆ ನೆಪವಾಯಿತೆಂಬುದು ನ್ಯೂನಿಜನ ಹೇಳಿಕೆ. ರಾಯಚೂರು ಕೋಟೆಯ ಮುತ್ತಿಗೆಯಲ್ಲಿ ಫಿಗೈರೆದೊ ಎಂಬ ಪೋರ್ಚುಗೀಸನೂ ಅವನ ಬಂದೂಕುಧಾರಿ ಸಂಗಡಿಗರೂ ರಾಯನಿಗೆ ನೆರವಾದರು. ಆದಿಲ್‌ಶಾಹನ ಪಕ್ಷದಲ್ಲಿಯೂ ಪೋರ್ಚುಗೀಸರು ಹೋರಾಡಿದರು. ವಿಜಯನಗರ ಗೆದ್ದಿತು, ಆದರೆ ಇದೇ ಸಂದರ್ಭದಲ್ಲಿ ಗೋವೆಯ ಅಧಿಕಾರಿ ರುಯ್ ದೆ ಮೆಲೊ ಬಿಜಾಪುರದ ವಶದಲ್ಲಿದ್ದ ಸುತ್ತಲಿನ ಪ್ರದೇಶವನ್ನು ಆಕ್ರಮಿಸಿಕೊಂಡನು.

ಒಪ್ಪಂದ ಮತ್ತು ಪರಿಣಾಮ

1547ರಲ್ಲಿ ಸದಾಶಿವರಾಯನ ಆಳ್ವಿಕೆಯಲ್ಲಿ ಒಪ್ಪಂದವಾಯಿತು. ಗೋವೆಯ ಕುದುರೆಗಳು ವಿಜಯನಗರಕ್ಕೇ ಹೋಗಬೇಕು, ಬಿಜಾಪುರಕ್ಕೆ ಹೋಗಕೂಡದು. ಪ್ರತಿಯಾಗಿ ವಿಜಯನಗರದ ಕಬ್ಬಿಣ ಮತ್ತು ಪೆಟ್ಲುಪ್ಪು ಪೋರ್ಚುಗೀಸರಿಗೆ ಸಲ್ಲಬೇಕು. ಪೆಟ್ಲುಪ್ಪು ಮದ್ದುಗುಂಡಿನ ಮೂಲವಸ್ತು. ಭೂಮಿಯ ಮೇಲಿನ ಶತ್ರುವನ್ನು ತಡೆಯಲು ಸಮುದ್ರದಲ್ಲಿ ಬೆಳೆಯುತ್ತಿದ್ದ ಶಕ್ತಿಯನ್ನು ಬಲಪಡಿಸಬೇಕಾಯಿತು. ಮರುವರ್ಷವೇ ಪೋರ್ಚುಗೀಸರು ಬಿಜಾಪುರದೊಡನೆಯೂ ಒಪ್ಪಂದ ಮಾಡಿಕೊಂಡರು.

1565ರ ರಕ್ಕಸತಂಗಡಿ ಯುದ್ಧದಲ್ಲಿ ವಿಜಯನಗರ ಸೋತ ಬಳಿಕ ಎಡೆದೊರೆ ನಾಡು ಬಿಜಾಪುರದ ಪಾಲಾಯಿತು. ದೊಡ್ಡ ಗಿರಾಕಿಯನ್ನು ಕಳೆದುಕೊಂಡ ಗೋವೆಯ ಅಶ್ವ ವ್ಯಾಪಾರವೂ ಕುಸಿಯಿತು.