ಬಿಡಿಯಾಗಿ ಒಪ್ಪಿ, ಕೂಡಿದಾಗ ಒಪ್ಪದ ಪದಗಳು: ಅರಿಸಮಾಸದ ಚರಿತ್ರೆ ಮತ್ತು ಸಂಯುಕ್ತ ಉದ್ದೀಪನದ ಕಲಿಕೆ

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ರಸ್ತೆಯಲ್ಲಿ ಕಪನೂರ ಕೈಗಾರಿಕಾ ಪ್ರದೇಶವಿದೆ. ಈ ಹೆಸರು ಹಳೆಯ ಲಾಕ್ಷಣಿಕರನ್ನು ಮುಜುಗರಕ್ಕೀಡುಮಾಡುತ್ತಿತ್ತು; ‘ಕೈಗಾರಿಕೆ’ ಕನ್ನಡದ್ದು, ‘ಪ್ರದೇಶ’ ಸಂಸ್ಕೃತದ್ದು. ಇದೇ ಜಿಲ್ಲೆಯ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, 9ನೆಯ ಶತಮಾನದಲ್ಲಿ, ಹುಟ್ಟಿದ ‘ಕವಿರಾಜಮಾರ್ಗ’ವು ಸಂಸ್ಕೃತ ಮತ್ತು ಕನ್ನಡ ಪದಗಳನ್ನು ಸಮಾಸದಲ್ಲಿ ಬೆರೆಸುವುದನ್ನು ಒಪ್ಪುವುದಿಲ್ಲ. 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಇದು ಅರಿಸಮಾಸವೆಂಬ ಚರ್ಚೆಯಾಗಿ ನಿಲ್ಲುತ್ತದೆ.

ಈ ನಿಷೇಧವನ್ನು ಸಾಮಾನ್ಯವಾಗಿ ಭಾಷಾಶುದ್ಧಿಯ ಕಾಳಜಿಯೆಂದು ಓದಲಾಗುತ್ತದೆ. ಅದನ್ನು ಕಲಿಕೆಯ ಸಮಸ್ಯೆಯೆಂದು ಓದಬೇಕೆಂಬುದು ನಮ್ಮ ವಾದ. ‘ರಾಜಗೃಹ’ ಒಪ್ಪಿತ, ‘ಅರಮನೆ’ ಒಪ್ಪಿತ. ‘ರಾಜಮನೆ’ ಕಿವಿಗೆ ಒರಟು. ‘ರಾಜ’ದಲ್ಲಾಗಲಿ ‘ಮನೆ’ಯಲ್ಲಾಗಲಿ ಬಿಡಿಯಾಗಿ ಯಾವ ದೋಷವೂ ಇಲ್ಲ. ದೋಷ ಹುಟ್ಟುವುದು ಕೂಡಿಕೆಯಲ್ಲಿ.

ಮನೋವಿಜ್ಞಾನವು ಇದೇ ಬಗೆಯ ಪ್ರಶ್ನೆಯನ್ನು ಬಹಳ ತಡವಾಗಿ, ಪ್ರಯೋಗಾಲಯದಲ್ಲಿ, ಕೇಳಿತು. ಎರಡು ಸದ್ದುಗಳು ಬೇರೆಬೇರೆಯಾಗಿ ಕೇಳಿದಾಗ ಆಹಾರ ಸಿಗುತ್ತದೆ, ಒಟ್ಟಿಗೆ ಕೇಳಿದಾಗ ಸಿಗುವುದಿಲ್ಲ: ಇಂಥ ವಿನ್ಯಾಸಗಳನ್ನು ನಾಯಿಗಳು ಕಲಿಯಬಲ್ಲವೆಂದು 1943ರಲ್ಲಿ ವುಡ್‌ಬರಿ ತೋರಿಸಿದರು. ಘಟಕಗಳ ಬಲವನ್ನು ಕೂಡಿಸುವ ಯಾವ ಲೆಕ್ಕಕ್ಕೂ ಇದು ತೊಡಕು, ಏಕೆಂದರೆ ಜೋಡಿಗೆ ಪ್ರತಿಕ್ರಿಯೆ ಹೆಚ್ಚಬೇಕಿತ್ತು. 1972ರ ರೆಸ್ಕೋರ್ಲಾ–ವ್ಯಾಗ್ನರ್ ಮಾದರಿ ಇದನ್ನು ದಾಟಲು ಕೂಡಿಕೆಗೇ ವಿಶಿಷ್ಟವಾದ ಇನ್ನೊಂದು ಸುಳಿವನ್ನು ಸೇರಿಸಿಕೊಳ್ಳಬೇಕಾಯಿತು; 1987ರಲ್ಲಿ ಪಿಯರ್ಸ್ ಇಡೀ ಜೋಡಿಯನ್ನೇ ಒಂದು ಉದ್ದೀಪನವೆಂದು ಎಣಿಸಿದರು.

ಆದರೆ ಅರಿಸಮಾಸ ನಾಯಿಯ ಸಮಸ್ಯೆಗಿಂತ ಒಂದು ಹೆಜ್ಜೆ ಮುಂದಿದೆ. ಇಲ್ಲಿ ಕಲಿಯಬೇಕಾದದ್ದು ಇಂತಿಂಥ ಜೋಡಿಯನ್ನಲ್ಲ, ಒಂದು ಸಂಬಂಧವನ್ನು: ಒಂದೇ ವರ್ಗವಾದರೆ ಸರಿ, ಭಿನ್ನವಾದರೆ ತಪ್ಪು. ಶೆಪರ್ಡ್, ಹೋವ್‌ಲಂಡ್ ಮತ್ತು ಜೆಂಕಿನ್ಸ್ 1961ರಲ್ಲಿ ಪರೀಕ್ಷಿಸಿದ ವರ್ಗೀಕರಣಗಳಲ್ಲಿ ಈ ಆಕಾರದ್ದೂ ಒಂದು. ಒಂದೇ ಗುಣವನ್ನು ಆಧರಿಸಿದ ವರ್ಗೀಕರಣಕ್ಕಿಂತ ಅದು ಕಷ್ಟವಾಯಿತು, ಆದರೂ ಬಿಡಿಬಿಡಿಯಾಗಿ ಕಂಠಪಾಠ ಮಾಡಬೇಕಾದ ವರ್ಗೀಕರಣಕ್ಕಿಂತ ಸುಲಭವಾಯಿತು. ಕೇಶಿರಾಜನಲ್ಲಿ ಈ ಎರಡೂ ಬಗೆಗಳಿವೆ: ನಿಯಮ ಒಂದೆಡೆ, ಬಿರುದಾವಳಿ ಹಾಗೂ ಪೂರ್ವಕವಿಗಳ ಪ್ರಯೋಗಗಳಿಗೆ ವಿನಾಯಿತಿ ಇನ್ನೊಂದೆಡೆ. ವಿನಾಯಿತಿಗಳನ್ನು ಇಡಿಯಾಗಿಯೇ ನೆನಪಿಡಬೇಕು, ನಾವು ಇಂದು ‘ರಾಜಮನೆತನ’ವನ್ನು ನೆನಪಿಟ್ಟಂತೆ.

ವರ್ಗವನ್ನು ಗುರುತಿಸುವ ಸುಳಿವು ಯಾವುದು? ವ್ಯುತ್ಪತ್ತಿಯಲ್ಲ. ಪರಂಪರೆಯು ತದ್ಭವವನ್ನು ಕನ್ನಡದ ಪಾಳೆಯಕ್ಕೇ ಸೇರಿಸಿತು; ‘ಅರಸ’ ಎಂಬುದು ‘ರಾಜ’ನ ತದ್ಭವವೆಂದು ಹೇಳಿಯೂ ‘ಅರಮನೆ’ಯನ್ನು ದೋಷವೆನ್ನಲಿಲ್ಲ. ರೂಪವೇ ಸುಳಿವು. ಹಾಗಾದರೆ ಕಪನೂರದ ಹೆಸರನ್ನು ಮತ್ತೊಮ್ಮೆ ನೋಡಬೇಕು. ಅದು ‘ಕೈಗಾರಿಕೆ ಪ್ರದೇಶ’ವಲ್ಲ, ‘ಕೈಗಾರಿಕಾ ಪ್ರದೇಶ’. ಪೂರ್ವಪದಕ್ಕೆ ಸಂಸ್ಕೃತದ ಆಕಾರಾಂತ ರೂಪವನ್ನು ತೊಡಿಸಿ ಎರಡನ್ನೂ ಒಂದೇ ವರ್ಗಕ್ಕೆ ತರಲಾಗಿದೆ. ‘ಕಲಿಕಾ ಸಾಮರ್ಥ್ಯ’ ಇದೇ ಜಾಡಿನದು. ಅರಬ್ಬಿ ಮೂಲದ ‘ತನಿಖೆ’ಯೂ ‘ತನಿಖಾಧಿಕಾರಿ’ಯಲ್ಲಿ ಸವರ್ಣದೀರ್ಘಕ್ಕೆ ಒಳಗಾಗುತ್ತದೆ (ವೈಯಾಕರಣರು ಇದನ್ನು ಕಂಡರೆ ಏನೆನ್ನುತ್ತಿದ್ದರೋ!). ನಿಯಮ ಮರೆತವರು ಹೀಗೆ ತೊಡಿಸುವ ಗೋಜಿಗೇ ಹೋಗುತ್ತಿರಲಿಲ್ಲ. ‘ಕಲಿಕಾ ಮಟ್ಟ’ದಂಥ ಬಳಕೆಗಳಲ್ಲಿ ಮಾತ್ರ ಈ ವೇಷವು ಉತ್ತರಪದದ ಹಂಗಿಲ್ಲದೆ ಹರಡುತ್ತಿದೆ, ಮತ್ತು ಸಂಬಂಧದ ನಿಯಮವು ಬಿಡಿ ಪದದ ಅಭ್ಯಾಸವಾಗಿ ಸಡಿಲುವುದು ಅಲ್ಲಿಂದಲೇ ಎಂಬುದು ನಮ್ಮ ಊಹೆ.