ಆಮ್ಲವನ್ನಷ್ಟೇ ಅಳೆದರೆ ಸಾಲದು

ಬೆಂಗಳೂರಿನ ಅರೆಕೆರೆ ಗೇಟಿನ ಆಸುಪಾಸಿನ ಔಷಧಿ ಅಂಗಡಿಗಳಲ್ಲಿ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ಕೇಳುವವರೇ ನೆಲ್ಲಿಕಾಯಿ ರಸವನ್ನೂ ಜ್ಯೇಷ್ಠಮಧುವಿನ ಮಾತ್ರೆಯನ್ನೂ ಕೊಳ್ಳುತ್ತಾರೆ. ಎಲ್ಲದಕ್ಕೂ ಅವರ ಪ್ರಶ್ನೆ ಒಂದೇ: ಹುಳಿತೇಗು, ಎದೆಯುರಿ ಎಷ್ಟು ಬೇಗ ನಿಲ್ಲುತ್ತದೆ? ಸಸ್ಯಸಾರವೆಂದರೆ ನಿಧಾನಗತಿಯ ಆಂಟಾಸಿಡ್ ಎಂಬ ಈ ತಿಳಿವಳಿಕೆ ವೈದ್ಯರಲ್ಲೂ ಬೇರೂರಿದೆ. ಈ ಸಸ್ಯಗಳ ಮೇಲಿನ ಸಂಶೋಧನೆ ನಡೆದುಬಂದ ದಾರಿ ಹೇಳುವುದು ಬೇರೆಯದನ್ನೇ.

ಆಯುರ್ವೇದದ ಗ್ರಂಥ ಮಾಧವನಿದಾನ ಹುಳಿತೇಗು, ಎದೆಯುರಿಯ ಅಮ್ಲಪಿತ್ತಕ್ಕೆ ಪ್ರತ್ಯೇಕ ಅಧ್ಯಾಯ ಕೊಟ್ಟಿದೆ. ಇಂದಿಗೂ ಬಳಕೆಯಲ್ಲಿರುವ ಅವಿಪತ್ತಿಕರ ಚೂರ್ಣದಲ್ಲಿ ಸಕ್ಕರೆ ಬಿಟ್ಟರೆ ದೊಡ್ಡ ಪಾಲು ತ್ರಿವೃತ್ತಿನ ಬೇರಿನದು. ಅದು ಭೇದಿ ಮಾಡಿಸುವ ಮದ್ದು, ಆಮ್ಲ ತಣಿಸುವುದಲ್ಲ. 1946ರಲ್ಲಿ ಡಚ್ ವೈದ್ಯ ರೆವರ್ಸ್, ಜ್ಯೇಷ್ಠಮಧುವಿನಿಂದ ಹೊಟ್ಟೆಹುಣ್ಣು ಮಾಯುವುದನ್ನೂ ರೋಗಿಗಳ ಮೈ ಬಾತುಕೊಳ್ಳುವುದನ್ನೂ ಕಂಡರು. ಆ ಜಾಡಿನಲ್ಲಿ ಹುಟ್ಟಿದ ಕಾರ್ಬೆನೊಕ್ಸೊಲೋನ್ ಜಠರದ ಒಳಪೊರೆಯನ್ನು ಬಲಪಡಿಸುವ ಔಷಧಿ. 1976ರಲ್ಲಿ ಆಮ್ಲ ತಗ್ಗಿಸುವ ಸಿಮೆಟಿಡಿನ್ ಬಂದದ್ದೇ ತಡ, ಕಾರ್ಬೆನೊಕ್ಸೊಲೋನ್ ಮೂಲೆ ಸೇರಿತು. ಬನಾರಸಿನ ಸನ್ಯಾಲ್ ಮತ್ತು ಸಂಗಡಿಗರು 1960ರ ದಶಕದಲ್ಲಿ ಹೊಟ್ಟೆಹುಣ್ಣಿಗೆ ಬಾಳೆಕಾಯಿಯನ್ನು ಪರೀಕ್ಷಿಸಿ ಮಾಡಿದ ಕೆಲಸಕ್ಕೂ ಸಿಗಬೇಕಾದ ಮನ್ನಣೆ ಸಿಗಲಿಲ್ಲ.

ನನ್ನ ಮಟ್ಟಿಗೆ ಈ ಕ್ಷೇತ್ರದ ನಿಜವಾದ ತಿರುವು ಮೈಸೂರಿನದು. ಅಲ್ಲಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ಶೈಲಜಾ ಧರ್ಮೇಶ್ ಅವರ ತಂಡ 2007ರ ಹೊತ್ತಿಗೆ ಶುಂಠಿ, ಮಾವಿನಶುಂಠಿ, ಮಾಗಳಿ ಬೇರುಗಳನ್ನು ಕೈಗೆತ್ತಿಕೊಂಡಿತು. ಶುಂಠಿ ಮತ್ತು ಮಾವಿನಶುಂಠಿಯ ಫಿನಾಲುಗಳು ಆಮ್ಲ ಸುರಿಸುವ ಪ್ರೋಟಾನ್ ಪಂಪನ್ನೂ, ಹುಣ್ಣಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಪೈಲೋರಿಯ ಬೆಳವಣಿಗೆಯನ್ನೂ ತಡೆದವು. ಮಾಗಳಿ ಬೇರಿನ ಪೆಕ್ಟಿನ್ನಿನಲ್ಲಿ ಫಿನಾಲುಗಳು ಅಂಟಿಕೊಂಡೇ ಇವೆ. ಇಲಿಗಳಲ್ಲಿ ಅದು ಲೋಳೆಪೊರೆಯನ್ನು ಕಾಯ್ದು ಹುಣ್ಣಾಗದಂತೆ ನೋಡಿಕೊಂಡಿತು. ಒಂದೇ ಸಸ್ಯ ಹಲವು ಹಂತಗಳಲ್ಲಿ ಕೆಲಸ ಮಾಡುತ್ತದೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಕೆಲಸ ವಿರಳ. ಮಾಗಳಿ ನಮ್ಮ ಮನೆಗಳಲ್ಲಿ ಮೊಸರನ್ನಕ್ಕೆ ನಂಚಿಕೊಳ್ಳುವ ಉಪ್ಪಿನಕಾಯಿಯ ಬೇರು. ಆದರೂ ಆ ತಂಡದ ಪ್ರಬಂಧಗಳ ಸಾಕ್ಷ್ಯ ಪ್ರಯೋಗನಳಿಕೆ ಮತ್ತು ಇಲಿಗಳದ್ದು.

ಮನುಷ್ಯರ ಮೇಲಿನ ಪರೀಕ್ಷೆಗೆ ಬಂದರೆ ಬೆಂಗಳೂರಿನ ನ್ಯಾಚುರಲ್ ರೆಮಿಡೀಸ್ ಸಂಸ್ಥೆಯ ಜ್ಯೇಷ್ಠಮಧು ಸಾರ ಗಟ್‌ಗಾರ್ಡ್ ಎದುರಾಗುತ್ತದೆ. ಅದರ ಬಗ್ಗೆ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 50 ಮಂದಿ ಇದ್ದರು. ಔಷಧಿ ಪಡೆದವರಿಗೆ ದಿನಕ್ಕೆರಡು ಬಾರಿ 75 ಮಿಲಿಗ್ರಾಂ ಈ ಸಾರ, 30 ದಿನ. ಹುಸಿಮಾತ್ರೆ ನುಂಗಿದವರಿಗಿಂತ ಇವರ ಅಜೀರ್ಣದ ಲಕ್ಷಣಗಳು ಹೆಚ್ಚು ತಗ್ಗಿದವು. ಅಚ್ಚುಕಟ್ಟಾದ ಕೆಲಸವೇ. ಆದರೆ ಲೇಖಕರಲ್ಲಿ ಸಂಸ್ಥೆಯ ವಿಜ್ಞಾನಿಗಳೂ ಇದ್ದರು, ಅಲ್ಲಿ ಅಳೆದದ್ದು ಲಕ್ಷಣಗಳನ್ನು, ಆಮ್ಲವನ್ನಲ್ಲ.

ಮುಂದಿನ ಪರೀಕ್ಷೆ ಯಾರ ಮೇಲೆ ನಡೆಯಬೇಕು? ಪ್ಯಾಂಟೊಪ್ರಜೋಲನ್ನು ತಿಂಗಳುಗಟ್ಟಲೆ ನುಂಗಿ ತಟಕ್ಕನೆ ಬಿಟ್ಟವರಲ್ಲಿ ಆಮ್ಲ ಮೊದಲಿಗಿಂತ ಹೆಚ್ಚು ಉಕ್ಕಬಹುದು. ಉರಿ ತಾಳಲಾರದೆ ಅವರು ಮತ್ತೆ ಮಾತ್ರೆಗೇ ಮರಳುತ್ತಾರೆ. ಒಳಪೊರೆ ಕಾಯುವ ಸಸ್ಯಗಳನ್ನು ಪರೀಕ್ಷಿಸಬೇಕಾದದ್ದು ಮಾತ್ರೆ ಬಿಟ್ಟ ಮೊದಲ ಕೆಲವು ವಾರಗಳಲ್ಲಿ. ಅದಕ್ಕೆ ಬೇಕಾದ ರೋಗಿಗಳು ಬೆಂಗಳೂರಿನ ಆಸ್ಪತ್ರೆಗಳಲ್ಲೇ ಇದ್ದಾರೆ. ಆದರೆ ಪರೀಕ್ಷೆಗೆ ಬೇಕಾದ ಮಾಗಳಿ ಬೇರನ್ನು ಇನ್ನೂ ಹೆಚ್ಚಾಗಿ ಕಾಡಿನಿಂದಲೇ ಅಗೆದು ತರುತ್ತಿದ್ದಾರೆ, ಅಗೆದ ಬಳ್ಳಿ ಸಾಯುತ್ತದೆ. ಪರೀಕ್ಷೆಯ ಜೊತೆಗೇ ಅದರ ಬೇಸಾಯವೂ ಹೆಚ್ಚಬೇಕು.