‘ಮೈನ್ ಸ್ಟಾರ್ಮ್’ ಆಟದ ಪಾಠಪರಂಪರೆ

ಗ್ರಂಥವು ಉಳಿಯುವುದು ಪ್ರತಿಗಳಿಂದ. ಪ್ರತಿ ಮಾಡುವವರು ಇಲ್ಲವಾದೊಡನೆ ಅದು ಹೆಸರಾಗಿ ಮಾತ್ರ ನಿಲ್ಲುತ್ತದೆ. ಓಲೆಗರಿಗಳ ವಿಷಯದಲ್ಲಿ ವಿದ್ವಾಂಸರು ಒಪ್ಪಿರುವ ಈ ಮಾತು ಗಣಕಯಂತ್ರಗಳಿಗಾಗಿ ಬರೆದ ಕೃತಿಗಳಿಗೂ ಸಲ್ಲುತ್ತದೆಯೆ? ಇದನ್ನು ಪರೀಕ್ಷಿಸಲು ಬಹುಮಟ್ಟಿಗೆ ಮರೆವಿಗೆ ಸಂದಿರುವ ‘ವೆಕ್ಟ್ರೆಕ್ಸ್’ ಎಂಬ ಆಟದ ಯಂತ್ರವನ್ನೂ ಅದರೊಡಲಲ್ಲೇ ಇದ್ದ ‘ಮೈನ್ ಸ್ಟಾರ್ಮ್’ ಎಂಬ ಬಾಹ್ಯಾಕಾಶ ಸಮರದ ಆಟವನ್ನೂ ಇಲ್ಲಿ ಪರಿಶೀಲಿಸಿದೆ. ವಿಷಯವು ಮಕ್ಕಳಾಟಿಕೆಯೆಂದು ವಾಚಕರು ತಳ್ಳಿಹಾಕಬಾರದಾಗಿ ಪ್ರಾರ್ಥನೆ.

ಈ ಬಗೆಯ ಆಟಗಳ ಮೂಲಪುರುಷನೆನಿಸುವುದು 1962ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಆತನ ಸಂಗಡಿಗರು ಪಿ.ಡಿ.ಪಿ.-1 ಗಣಕಕ್ಕಾಗಿ ರಚಿಸಿದ ‘ಸ್ಪೇಸ್‌ವಾರ್’. ಇದನ್ನು ಯಾರೂ ಮಾರಲಿಲ್ಲ. ಅಂಥ ಗಣಕವಿದ್ದ ಇತರ ಸಂಸ್ಥೆಗಳವರು ಪ್ರತಿಮಾಡಿಕೊಂಡು ಹಬ್ಬಿಸಿದರು. 1978ರಲ್ಲಿ ಜಪಾನಿನ ಟೈಟೋ ಸಂಸ್ಥೆಯ ತೊಮೊಹಿರೊ ನಿಶಿಕಾಡೊ ರಚಿಸಿದ ‘ಸ್ಪೇಸ್ ಇನ್ವೇಡರ್ಸ್’, 1979ರಲ್ಲಿ ಅಟಾರಿ ಸಂಸ್ಥೆಯ ‘ಆಸ್ಟರಾಯ್ಡ್ಸ್’ ಇವು ಅದನ್ನು ಹಿಂಬಾಲಿಸಿದವು. ಇವುಗಳಲ್ಲಿ ಕೊನೆಯದರ ನೇರ ವಾರಸು ಮೈನ್ ಸ್ಟಾರ್ಮ್.

ವೆಕ್ಟ್ರೆಕ್ಸ್ ಯಂತ್ರವು 1982ರ ಕೊನೆಯಲ್ಲಿ ಅಮೆರಿಕದಲ್ಲಿ 199 ಡಾಲರಿಗೆ ಮಾರಾಟಕ್ಕೆ ಬಂತು. ರೂಪಿಸಿದ್ದು ಜೇ ಸ್ಮಿತ್ ಎಂಬಾತನ ಸಂಸ್ಥೆ. ಮಾರಿದ್ದು ಜನರಲ್ ಕನ್‌ಸ್ಯೂಮರ್ ಎಲೆಕ್ಟ್ರಾನಿಕ್ಸ್. ಇತರ ಯಂತ್ರಗಳಂತೆ ಇದು ಮನೆಯ ಟೆಲಿವಿಷನ್ನನ್ನು ಆಶ್ರಯಿಸದೆ 9 ಅಂಗುಲದ ಸ್ವಂತ ತೆರೆಯನ್ನು ಹೊಂದಿತ್ತು. ಅಂದಿನ ಟೆಲಿವಿಷನ್ನಿನಲ್ಲಿ ಎಲೆಕ್ಟ್ರಾನ್ ಕಿರಣವು ಮಗ್ಗದ ಲಾಳಿಯಂತೆ ಸಾಲುಸಾಲಾಗಿ ತೆರೆಯನ್ನೆಲ್ಲ ತುಂಬುತ್ತಿತ್ತು. ವೆಕ್ಟ್ರೆಕ್ಸಿನಲ್ಲಾದರೋ ಅದು ರಂಗೋಲಿಯಿಡುವವರ ಕೈಯಂತೆ ಒಂದು ಚುಕ್ಕೆಯಿಂದ ಮತ್ತೊಂದಕ್ಕೆ ನೇರವಾಗಿ ಗೆರೆಯೆಳೆಯುತ್ತಿತ್ತು. ಆದಕಾರಣ ಚಿತ್ರ ಕಪ್ಪುಬಿಳುಪಿನದಾದರೂ ಗೆರೆಗಳು ಅಸಾಧಾರಣ ನಿಚ್ಚಳವಾಗಿದ್ದವು. ಬಣ್ಣ ಬೇಕೆಂದರೆ ತೆರೆಯ ಮುಂದೆ ಪಾರದರ್ಶಕ ಹಾಳೆಯೊಂದನ್ನು ಸಿಕ್ಕಿಸಬೇಕಾಗಿತ್ತು.

ಯಂತ್ರದ ಶಾಶ್ವತ ಸ್ಮೃತಿ 8 ಕಿಲೋಬೈಟ್ ಮಾತ್ರ. ಅದರಲ್ಲಿ ಅರ್ಧದಷ್ಟು ಜಾಗದಲ್ಲಿ ಮೈನ್ ಸ್ಟಾರ್ಮ್ ಅಡಕವಾಗಿತ್ತು. ಆಕಾಶದಲ್ಲಿ ಚೆಲ್ಲಿದ ಸಿಡಿಗುಂಡುಗಳನ್ನು ಏಕಾಕಿ ನೌಕೆಯು ಹೊಡೆಯಬೇಕು. ಹೊಡೆದದ್ದು ಒಡೆದು ಚಿಕ್ಕವಾಗಿ ಮತ್ತೆ ಮೇಲೆ ಬರುವುದು. ಆಟವಿಷ್ಟೆ. 1983ರಲ್ಲಿ ಅಮೆರಿಕದ ವಿಡಿಯೋ ಆಟಗಳ ಮಾರುಕಟ್ಟೆ ಕುಸಿಯಿತು. ಆ ವರ್ಷ ಮಾರಾಟದ ಸಂಸ್ಥೆಯನ್ನು ಕೊಂಡಿದ್ದ ಮಿಲ್ಟನ್ ಬ್ರಾಡ್ಲಿಯವರು 1984ರಲ್ಲಿ ಯಂತ್ರವನ್ನು ಕೈಬಿಟ್ಟರು.

ಸಂಪಾದನಶಾಸ್ತ್ರಜ್ಞರಿಗೆ ಪ್ರಿಯವಾಗಬಹುದಾದ ಸಂಗತಿಯೊಂದು ಇಲ್ಲಿದೆ. ಮೂಲದ ಆಟದಲ್ಲಿ ಒಂದು ಸ್ಖಾಲಿತ್ಯವಿದ್ದು, 13ನೆಯ ಹಂತದಲ್ಲಿ ಆಟ ನಿಂತುಹೋಗುತ್ತಿತ್ತು. ದೂರು ಬರೆದವರಿಗೆ ತಯಾರಕರು ‘ಮೈನ್ ಸ್ಟಾರ್ಮ್ 2’ ಎಂಬ ತಿದ್ದಿದ ಪ್ರತಿಯನ್ನು ಕಳುಹಿಸಿಕೊಟ್ಟರು. ಹೀಗೆ ಒಂದೇ ಕೃತಿಗೆ ಎರಡು ಪಾಠಗಳಾದವು: ಎಲ್ಲರ ಮನೆಯಲ್ಲಿದ್ದ ದೋಷಯುಕ್ತ ಪಾಠ, ಕೆಲವರಿಗೆ ಮಾತ್ರ ದೊರೆತ ಶುದ್ಧಪಾಠ. ಎರಡೂ ಉಳಿದಿರುವುದರಿಂದಲೇ ತಪ್ಪು ಯಾವುದು, ತಿದ್ದುಪಡಿ ಯಾವುದು ಎಂದು ಇಂದು ಹೋಲಿಸಿ ನೋಡಲು ಸಾಧ್ಯವಾಗಿದೆ.

ಅವು ಉಳಿದ ಬಗೆ ಹೇಗೆ? 1990ರ ದಶಕದ ನಡುವಿನಲ್ಲಿ ಹಕ್ಕುದಾರನಾದ ಸ್ಮಿತ್ತನು, ಲಾಭದ ಉದ್ದೇಶವಿಲ್ಲದೆ ಪ್ರತಿಮಾಡಿಕೊಳ್ಳುವವರಿಗೆ ತನ್ನ ಅಡ್ಡಿಯಿಲ್ಲವೆಂದನು. ಆಸಕ್ತರು ಪ್ರತಿ ಮಾಡಿದರು, ಇಂದಿನ ಗಣಕಗಳು ವೆಕ್ಟ್ರೆಕ್ಸಿನಂತೆ ನಡೆದುಕೊಳ್ಳುವ ತಂತ್ರಾಂಶಗಳನ್ನು ರಚಿಸಿದರು, ಹೊಸ ಆಟಗಳನ್ನೂ ಬರೆದರು. ಹಳೆಯ ತೆರೆಯ ಗೆರೆಗಳ ಕಾಂತಿ ಪ್ರತಿಯಲ್ಲಿ ಬರುವುದಿಲ್ಲ, ನಿಜ. ಓಲೆಯ ಮೇಲಿನ ಕಂಠದ ಗೀರು ಅಚ್ಚಿನಲ್ಲಿ ಬರುವುದೆ? ಪಾಠವಂತೂ ಉಳಿಯಿತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆ ದ್ರವ್ಯವನ್ನು ವೆಚ್ಚಮಾಡಿದಳು. ಈತನು ಅಡ್ಡಿಯನ್ನು ತೆಗೆದನು. ಕಾರ್ಯಗಳ ಯೋಗ್ಯತೆ ಒಂದೇ ಅಲ್ಲ. ಫಲದ ಜಾತಿ ಒಂದೇ.

ತಿರುವನಂತಪುರದಲ್ಲಿ ನೆಲಸಿದ ನಮಗೆ ಇದರ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ಉಳ್ಳೂರಿನಿಂದ ಶ್ರೀಕಾರ್ಯದ ಮೂಲಕ ಕಾರ್ಯವಟ್ಟಕ್ಕೆ ಹೋದರೆ ಕೇರಳ ವಿಶ್ವವಿದ್ಯಾಲಯದ ಹಸ್ತಪ್ರತಿ ಭಂಡಾರವಿದೆ. 1912ರಲ್ಲಿ ಟಿ. ಗಣಪತಿಶಾಸ್ತ್ರಿಗಳು ಭಾಸನದೆಂದು ‘ಸ್ವಪ್ನವಾಸವದತ್ತ’ವನ್ನು ಪ್ರಕಟಿಸಿದ್ದು ಇದೇ ನಗರದಿಂದ. ಕರ್ತೃತ್ವದ ವಿವಾದ ಹೇಗೇ ಇರಲಿ, ಅನ್ಯರ ಉಲ್ಲೇಖಗಳಿಂದ ಮಾತ್ರ ಪರಿಚಿತವಾಗಿದ್ದ ನಾಟಕವನ್ನು ಉಳಿಸಿಕೊಟ್ಟವರು ಮಲಯಾಳ ಲಿಪಿಯಲ್ಲಿ ಅದನ್ನು ಪ್ರತಿಮಾಡಿದ ಹೆಸರಿಲ್ಲದ ಲಿಪಿಕಾರರು.

ಹೊರನಾಡಿನ ಕನ್ನಡಿಗರು ಮರೆಯಬಾರದ ಮಾತು ಇಷ್ಟು. ಯೂನಿಕೋಡಿಗೆ ಮುಂಚಿನ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಕನ್ನಡ ಬರಹವು, ಆ ವಿನ್ಯಾಸವಿಲ್ಲದ ಗಣಕದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ. ಸ್ಮರಣಸಂಚಿಕೆ, ನಾಟಕದ ಪ್ರತಿ, ಸದಸ್ಯರ ಪಟ್ಟಿ ಮೊದಲಾದವು ಹೀಗೆ ಯಾರದೋ ಪೆಟ್ಟಿಗೆಯಲ್ಲಿ ಫ್ಲಾಪಿಗಳಾಗಿ ಬಿದ್ದಿದ್ದರೆ, ಓದಬಲ್ಲವರಿರುವಾಗಲೇ ಹೊಸ ಲಿಪಿಗೆ ಇಳಿಸಿ ನಾಲ್ಕಾರು ಕಡೆ ಇಡುವುದು ಕರ್ತವ್ಯ. ನಾಲ್ಕು ಕಿಲೋಬೈಟಿನ ಆಟಕ್ಕೆ ದೊರೆತ ಆಯುಷ್ಯವು ನಮ್ಮವರ ಬರಹಕ್ಕೆ ದೊರೆಯದೆ ಹೋದರೆ, ದೋಷವನ್ನು ಕಾಲದ ಮೇಲೆ ಹೊರಿಸುವುದು ನ್ಯಾಯವಾಗದು.